ತೇಪೆಯ ಮರ್ಯಾದೆ

ಹರಿದ ಬಟ್ಟೆಗೆ ತೇಪೆ ಹಾಕುವುದು ಬಡತನವೋ, ಕಲೆಯೋ? ಮೈಸೂರಿನ ಬಡಾವಣೆಯಲ್ಲಿ ಯಾರಾದರೂ ಹಳೆಯ ರೇಷ್ಮೆ ಸೀರೆ ಕತ್ತರಿಸಿ ದಿಂಬಿನ ಕವರು ಹೊಲಿದರೆ ಅದನ್ನು ಹವ್ಯಾಸ ಎನ್ನುತ್ತೇವೆ. ಹೆಗ್ಗಡದೇವನಕೋಟೆಯ ಹಳ್ಳಿಯೊಂದರಲ್ಲಿ ತಾಯಿಯೊಬ್ಬಳು ದೊಡ್ಡ ಮಗನ ಅಂಗಿಯನ್ನು ಚಿಕ್ಕದು ಮಾಡಿ ಕಿರಿಯವನಿಗೆ ತೊಡಿಸಿದರೆ ‘ಪಾಪ, ಗತಿಯಿಲ್ಲ’ ಎನ್ನುತ್ತೇವೆ. ಸೂಜಿ ಅದೇ, ನೂಲು ಅದೇ. ಬಹುಶಃ ಎರಡನೆಯವಳ ಕೈಯೇ ಹೆಚ್ಚು ಪಳಗಿದ್ದು. ಆದರೂ ಒಬ್ಬಳಿಗೆ ಹೊಗಳಿಕೆ, ಇನ್ನೊಬ್ಬಳಿಗೆ ಕನಿಕರ. ಇದು ಯಾವ ನ್ಯಾಯ?

ನಮ್ಮ ಮನೆಗಳ ಉರ್ದುವಿನಲ್ಲಿ ಶೌಕ್ ಎಂದರೆ ಮನಸ್ಸಿನ ಆಸೆಗೆ ಮಾಡುವುದು, ಜರೂರತ್ ಎಂದರೆ ಬೇಕೇಬೇಕೆಂದು ಮಾಡುವುದು. ಎರಡಕ್ಕೂ ಸಲ್ಲುವ ಮೂರನೆಯ ಮಾತು ಹುನರ್, ಅಂದರೆ ಕೈಯಲ್ಲಿರುವ ವಿದ್ಯೆ. ಕನ್ನಡದ ಕೌದಿ ನಮಗೆ ಗುದಡಿ. ಬಡವರ ಮನೆಯಲ್ಲಿ ಪ್ರತಿಭಾವಂತ ಹುಟ್ಟಿದರೆ ಅವನನ್ನು ‘ಗುದಡಿ ಕಾ ಲಾಲ್’, ಕೌದಿಯೊಳಗಿನ ಮಾಣಿಕ್ಯ ಎನ್ನುವುದುಂಟು. ಮೆಚ್ಚುಗೆಯ ಮಾತೇ ಸರಿ. ಆದರೆ ಅದರೊಳಗೆ ಒಂದು ಅವಜ್ಞೆಯೂ ಇದೆ. ಮಾಣಿಕ್ಯಕ್ಕೆ ಬೆಲೆ ಕಟ್ಟಿದವರು ಕೌದಿಯನ್ನು ಹೊಲಿದವಳ ಹುನರಿಗೆ ಬೆಲೆ ಕಟ್ಟಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಸಿದ್ದಿ ಮಹಿಳೆಯರನ್ನು ನೋಡಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿರುವ ಸಮುದಾಯವದು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿನವರೆಗೆ ಹೊಲಿದು ಅವರು ಕೌದಿ ಮಾಡುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ‘ಫೂಲ’ ಎಂಬ ಮಡಿಸಿದ ತುಂಡುಗಳನ್ನು ಸೇರಿಸುತ್ತಾರೆ. ಫೂಲವಿಲ್ಲದೆ ಕೌದಿ ಪೂರ್ತಿಯಾಗದು. ಚಳಿಗೆ ಹೂವಿನ ಅಗತ್ಯವೇನೂ ಇಲ್ಲ, ಆದರೂ ಹೊಲಿಯುತ್ತಾರೆ. ಅಂದರೆ ಜರೂರತ್ತಿನ ನಡುವೆಯೂ ಶೌಕ್ ಇದೆ. ಬಡವರು ಅಗತ್ಯಕ್ಕಷ್ಟೇ ದುಡಿಯುತ್ತಾರೆ, ಚೆಲುವು ಉಳ್ಳವರ ಸೊತ್ತು ಎಂಬ ಮಾತು ಆ ನಾಲ್ಕು ಮೂಲೆಗಳಲ್ಲೇ ಸುಳ್ಳಾಗುತ್ತದೆ. ಇಂಥ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವು ಕಲೆಯಾದದ್ದು ಅಲ್ಲಿ ತೂಗುಹಾಕಿದ ಮೇಲಲ್ಲ, ಮೊದಲೇ ಆಗಿದ್ದವು.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಅದು ಬಿಡುವಿನದ್ದು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕಾಲ ಬಂದರೆ ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿನಲ್ಲಿ ಬೇಯಿಸಿದ್ದನ್ನು ಬಿಡಿಸಿ ವಿಂಗಡಿಸಬೇಕು. ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿಯ ದಿನಗಳೂ ಹಾಗೆಯೇ. ಅಂಟಿನಿಂದ ಕಪ್ಪಾದ ಕೈಗಳಿಗೆ ‘ಒಂದು ಹವ್ಯಾಸ ಬೆಳೆಸಿಕೊಳ್ಳಿ, ಮನಸ್ಸು ಹಗುರಾಗುತ್ತದೆ’ ಎಂದು ಉಪದೇಶಿಸುವುದು ಸುಲಭ. ಆ ಕೈಗಳಿಗೆ ಒಂದು ಗಂಟೆಯ ಬಿಡುವು ಕೊಡುವುದು ಕಷ್ಟ, ಯಾಕೆಂದರೆ ಆಗ ಮನೆಯ ಗಂಡಸರು ಎದ್ದು ಪಾತ್ರೆ ತೊಳೆಯಬೇಕಾಗುತ್ತದೆ.

ಪ್ರವಾದಿ ಮುಹಮ್ಮದ್(ಸ)ರು ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸುತ್ತಿದ್ದರು ಎಂದು ಹ. ಆಇಶಾ(ರ) ತಿಳಿಸಿದ್ದಾರೆ. ಇದನ್ನು ಸರಳತೆಯ ಉದಾಹರಣೆಯಾಗಿ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಅಂಗಿಯ ಗುಂಡಿ ಕಿತ್ತುಬಂದರೆ ಭಾಷಣ ಕೇಳಿ ಬಂದವರೂ ಹೆಂಡತಿಯನ್ನೇ ಕೂಗುತ್ತಾರೆ. ಅಲ್ಲಿ ತೇಪೆ ನಾಚಿಕೆಯೂ ಆಗಿರಲಿಲ್ಲ, ಪ್ರದರ್ಶನವೂ ಆಗಿರಲಿಲ್ಲ. ತನ್ನ ಕೆಲಸ ತನ್ನದು ಎಂಬ ಸಾದಾ ಮರ್ಯಾದೆಯಾಗಿತ್ತು.

ಹಳೆಯದನ್ನು ಉಳಿಸುವುದೆಲ್ಲ ಪುಣ್ಯವೆಂದೂ ತಿಳಿಯಬಾರದು. ತೂತು ಕೊರೆದ ಎಣ್ಣೆ ಡಬ್ಬಕ್ಕೆ ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ತುಂಬಿ ಪುದೀನ ಕಡ್ಡಿ ನೆಟ್ಟರೆ ಅಂಗಳವಿಲ್ಲದ ಮನೆಗೂ ಹಸಿರು ಬರುತ್ತದೆ. ಅದೇ ಆಸೆಯಿಂದ ಹೊಲದ ಬದಿಯಲ್ಲಿ ಬಿದ್ದ ಕೀಟನಾಶಕದ ಕ್ಯಾನನ್ನು ತಂದು ಕೊತ್ತಂಬರಿ ಬಿತ್ತಿದರೆ ವಿಷವನ್ನೇ ಅಡುಗೆಮನೆಗೆ ಕರೆದಂತೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಹುನರಿನ ಭಾಗವೇ.

ಈ ವಿವೇಕ ದಾನದಲ್ಲೂ ಬೇಕು. ಹಬ್ಬ ಬಂತೆಂದರೆ ಬೀರು ಖಾಲಿ ಮಾಡಿ, ಜಿಪ್ ಕಿತ್ತುಹೋದ, ಕಂಕುಳು ಹರಿದ ಬಟ್ಟೆಗಳನ್ನು ಮೂಟೆ ಕಟ್ಟಿ ಬಡವರಿಗೆ ಕಳಿಸುತ್ತೇವೆ. ಬಡವರಿಗೆ ಹೊಲಿದುಕೊಳ್ಳಲು ಬರುತ್ತದಲ್ಲ ಎಂಬ ಧೈರ್ಯ! ಹರಿದದ್ದನ್ನು ಹೊಲಿಯುವ ಬಿಡುವು ಇರುವುದು ನಮಗೆ, ಹವ್ಯಾಸ ಎಂದು ಹೇಳಿಕೊಳ್ಳುವವರೂ ನಾವೇ. ಹಾಗಿದ್ದರೆ ಆ ತೇಪೆಯನ್ನು ನಾವು ಹಾಕಿ ನಾವೇ ತೊಡೋಣ. ಕೊಡುವಾಗ ಗಟ್ಟಿಯಾದದ್ದನ್ನು ಕೊಡೋಣ. ಆಯ್ಕೆಯಿದ್ದವರ ಕೈಯಲ್ಲಿ ಸೂಜಿ ಒಳ್ಳೆಯ ಸಂಗಾತಿ. ಆಯ್ಕೆಯಿಲ್ಲದವರ ಮೇಲೆ ಅದನ್ನು ಹೊರಿಸಿ ಸರಳತೆಯ ಪಾಠ ಹೇಳುವ ಅಧಿಕಾರ ನಮಗಿಲ್ಲ.