ನೋಡುವವನ ನ್ಯಾಯ

ಅಂಗಡಿಯವನು ಚಿಲ್ಲರೆಯನ್ನು ಹೆಚ್ಚು ಕೊಟ್ಟರೆ ಹಿಂದಿರುಗಿಸುವವರು, ಬಸ್ಸಿನಲ್ಲಿ ಮುದುಕರಿಗೆ ಎದ್ದು ಜಾಗ ಬಿಡುವವರು, ಮಕ್ಕಳ ಜಗಳದಲ್ಲಿ ಇಬ್ಬರ ಮಾತನ್ನೂ ಕೇಳದ ಹೊರತು ಯಾರನ್ನೂ ಗದರದವರು, ಒಂದು ಪಂದ್ಯ ನೋಡಲು ಕುಳಿತೊಡನೆ ಬೇರೆಯೇ ಮನುಷ್ಯರಾಗಿಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಎದುರು ಪಕ್ಷದವನು ಔಟಾದರೆ ಅದು ಕಣ್ಣಿಗೆ ಕಾಣುವ ಸತ್ಯ. ನಮ್ಮವನು ಔಟಾದರೆ ಅಂಪೈರನಿಗೆ ಕಣ್ಣಿಲ್ಲ; ಕಣ್ಣಿದೆಯೆಂದು ಒಪ್ಪಿಕೊಂಡರೆ, ಪ್ರಾಮಾಣಿಕತೆಯಿಲ್ಲ. ಈ ಎರಡನೆಯ ಮಾತೇ ನನ್ನನ್ನು ಯೋಚನೆಗೆ ಹಚ್ಚಿರುವುದು. ತಪ್ಪನ್ನು ತಪ್ಪೆಂದು ಬಿಡದೆ ಅದರ ಹಿಂದೆ ಒಂದು ದುರುದ್ದೇಶವನ್ನು ಹುಡುಕುವ ಅಗತ್ಯ ನಮಗೇಕೆ ಬೀಳುತ್ತದೆ?

ಅತ್ತಾವರ ಕಟ್ಟೆಯ ಬಳಿ, ನಾನು ಸಂಜೆ ಚಹಾಕ್ಕೆ ಹೋಗುವ ಹೋಟೆಲಿನಲ್ಲಿ ಒಂದು ಟೀವಿ ಇದೆ. ಪಂದ್ಯವಿದ್ದ ದಿನ ಅಲ್ಲಿ ಕುರ್ಚಿ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತು ಬೇಸತ್ತು ಬಂದವರು, ರಿಕ್ಷಾದವರು, ಕಾಲೇಜು ಹುಡುಗರು, ನಿವೃತ್ತರು, ಎಲ್ಲರೂ ಅಲ್ಲಿ ಒಂದೇ ಪಕ್ಷ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಪ್ಪದೆ ದುಡಿದ ನನ್ನ ನೆರೆಯವರೊಬ್ಬರು ಒಮ್ಮೆ ತಟ್ಟೆಯ ಮೇಲಿನಿಂದ ತಲೆಯೆತ್ತಿ, "ಎಂತ ಮಾಸ್ಟ್ರೇ ಇದು, ಬ್ಯಾಟಿಗೆ ತಾಗಿದ ಸದ್ದು ಅತ್ತಾವರದಲ್ಲಿ ಕೂತ ನನಗೆ ಕೇಳಿತು, ಅಲ್ಲಿಯೇ ನಿಂತವನಿಗೆ ಕೇಳಲಿಲ್ಲವಾ ಮಾರಾಯ್ರೆ?" ಎಂದರು. ಅವರ ಕಿವಿ ಅಷ್ಟು ಚುರುಕಲ್ಲ. ಆದರೆ ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರಿಗೆ ಕೇಳಿಸಿತ್ತು. ಬೇಕಾದದ್ದು ಕೇಳಿಸುವ ಕಿವಿ ಎಲ್ಲರಿಗೂ ಉಂಟು.

ಹಾಗಾದರೆ ಪಕ್ಷಪಾತವಿಲ್ಲದೆ ನೋಡಬೇಕೆ? ಹಾಗೆ ಉಪದೇಶ ಮಾಡುವ ಮಹನೀಯರನ್ನು ಕಂಡರೆ ನನಗೆ ಸಂಶಯ. ಯಾರು ಗೆದ್ದರೂ ಸರಿಯೆಂದು ಕುಳಿತವನ ನೋಟ ಹಸಿವಿಲ್ಲದವನ ಊಟ. ಎಲೆಯ ಮುಂದೆ ಕುಳಿತಿದ್ದಾನೆ, ಅಷ್ಟೆ. ಒಂದು ಕಡೆಯನ್ನು ತನ್ನದೆಂದು ಹಿಡಿದವನಿಗೇ ಆಟ ಮೈಗೆ ಹತ್ತುತ್ತದೆ. ದೋಷವಿರುವುದು ಅಭಿಮಾನದಲ್ಲಲ್ಲ, ಅಭಿಮಾನಿಯಾಗಿದ್ದುಕೊಂಡೇ ನ್ಯಾಯಾಧೀಶನ ಪೀಠದಲ್ಲಿಯೂ ಕುಳಿತುಕೊಳ್ಳುವೆನೆಂಬ ಹಟದಲ್ಲಿ.

1999ರಲ್ಲಿ ಮೂರು ವಾರಗಳ ಅಂತರದಲ್ಲಿ ನಡೆದ ಎರಡು ಟೆಸ್ಟುಗಳು ಈ ವಿಷಯದಲ್ಲಿ ದೊಡ್ಡ ಪಾಠ. ಜನವರಿ 31ರಂದು ಚೆನ್ನೈಯಲ್ಲಿ ಪಾಕಿಸ್ತಾನವು ಭಾರತವನ್ನು ಬರಿಯ 12 ರನ್ನುಗಳಿಂದ ಸೋಲಿಸಿತು. ತೆಂಡೂಲ್ಕರರ 136 ರನ್ನು ವ್ಯರ್ಥವಾಯಿತು. ಎದೆಯೊಡೆಯುವ ಸೋಲು, ಆದರೂ ನೆರೆದಿದ್ದ ಜನ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಮೈದಾನಕ್ಕೆ ಒಂದು ಸುತ್ತು ಬಂದು ವಂದಿಸಿದರು. ಫೆಬ್ರವರಿಯಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಅವೇ ಎರಡು ತಂಡಗಳು. ಓಡುತ್ತಿದ್ದ ತೆಂಡೂಲ್ಕರ್ ಶೋಯೆಬ್ ಅಖ್ತರರಿಗೆ ಡಿಕ್ಕಿಯಾದರು. ಅಷ್ಟರಲ್ಲಿ ಚೆಂಡು ವಿಕೆಟ್ಟಿಗೆ ಬಡಿಯಿತು. ಮೂರನೆಯ ಅಂಪೈರ್ ಚಿತ್ರ ನೋಡಿ ರನೌಟ್ ಕೊಟ್ಟರು. ಮೈದಾನಕ್ಕೆ ಬಾಟಲಿಗಳು ಬಿದ್ದವು. ಕೊನೆಯ ದಿನ ಪೋಲೀಸರು ಪ್ರೇಕ್ಷಕರನ್ನೆಲ್ಲ ಹೊರಗಟ್ಟಿದ ಮೇಲೆ, ಖಾಲಿ ಕಲ್ಲುಬೆಂಚುಗಳ ಮುಂದೆ ಆಟ ಮುಗಿಯಿತು. ಭಾರತ 46 ರನ್ನುಗಳಿಂದ ಸೋತಿತು.

ಚೆನ್ನೈಯವರು ಸಜ್ಜನರು, ಕಲ್ಕತ್ತೆಯವರು ಒರಟರು ಎಂದು ತೀರ್ಮಾನಿಸುವುದು ಸುಲಭ, ನಾನದನ್ನು ನಂಬುವುದಿಲ್ಲ. ಚೆನ್ನೈಯ ಸೋಲಿಗೆ ಅಪರಾಧಿಯಿರಲಿಲ್ಲ. ದುಃಖವನ್ನು ದುಃಖವಾಗಿಯೇ ಅನುಭವಿಸದೆ ಗತಿಯಿರಲಿಲ್ಲ, ಅನುಭವಿಸಿದರು, ಎದ್ದು ನಿಂತರು. ಕಲ್ಕತ್ತೆಯಲ್ಲಿ ಆ ದುಃಖಕ್ಕೆ ಒಂದು ವಿಳಾಸ ಸಿಕ್ಕಿತು. ಸೋಲು ಅನ್ಯಾಯವಾಗಿ ಮಾರ್ಪಟ್ಟಿತು. ಅನ್ಯಾಯಕ್ಕೊಳಗಾದವನಿಗೆ ಬಾಟಲಿಯೂ ಆಯುಧವೆನಿಸುತ್ತದೆ. ದುರುದ್ದೇಶವನ್ನು ಹುಡುಕುವ ನಮ್ಮ ಚಟದ ಮೂಲವೂ ಇದೇ ಇರಬೇಕು. ಕಾರಣವಿಲ್ಲದ ಸೋಲಿಗಿಂತ ಮೋಸದ ಸೋಲು ಸಹಿಸಲು ಹಗುರ.

ಯಂತ್ರ ಬಂದರೆ ಇದೆಲ್ಲ ತೀರುತ್ತದೆಂದು ಹೇಳುತ್ತಿದ್ದರು. ಕ್ರಿಕೆಟ್ಟಿನಲ್ಲಿ ತೀರ್ಪಿನ ಮರುಪರಿಶೀಲನೆಯ ಪ್ರಯೋಗ ಮೊದಲು ನಡೆದುದು 2008ರಲ್ಲಿ, ಭಾರತ–ಶ್ರೀಲಂಕಾ ಸರಣಿಯಲ್ಲಿ. ಕಾಲಿಗೆ ಬಡಿದ ಚೆಂಡು ಮುಂದೆ ಎಲ್ಲಿ ಹೋಗುತ್ತಿತ್ತೆಂಬುದನ್ನು ಯಂತ್ರ ಗೆರೆಯೆಳೆದು ತೋರಿಸುತ್ತದೆ. ಆದರೆ ಅದು ನಡೆದುದರ ಚಿತ್ರವಲ್ಲ, ನಡೆಯಬಹುದಾಗಿದ್ದುದರ ಊಹೆ. ಆದ್ದರಿಂದ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟ್ಟಿಗೆ ತಾಗುವಂತಿದ್ದರೆ ಅಂಪೈರ್ ಮೊದಲು ಹೇಳಿದ್ದೇ ನಿಲ್ಲುತ್ತದೆ. ಒಂದೇ ಬಗೆಯ ಚೆಂಡು ಒಮ್ಮೆ ಔಟು, ಒಮ್ಮೆ ಅಲ್ಲ. ನಮ್ಮ ಹೋಟೆಲಿನಲ್ಲಿ ಈ ನಿಯಮಕ್ಕೆ ಬಿದ್ದಷ್ಟು ಬೈಗುಳ ಯಾವ ಅಂಪೈರಿಗೂ ಬಿದ್ದಿಲ್ಲ. ನನಗೋ ಅದರಲ್ಲಿ ಒಂದು ವಿನಯ ಕಾಣುತ್ತದೆ. ಯಂತ್ರ ತನಗೆ ಇಷ್ಟರಾಚೆ ನಿಶ್ಚಯವಿಲ್ಲವೆಂದು ಒಪ್ಪಿಕೊಂಡು, ಅಲ್ಲಿ ನಿಂತು ಕಂಡ ಮನುಷ್ಯನಿಗೆ ಜಾಗ ಬಿಡುತ್ತದೆ. ಉತ್ತರಪತ್ರಿಕೆ ತಿದ್ದುವ ನಮ್ಮಂಥವರಿಗೆ ಮೂವತ್ತನಾಲ್ಕಕ್ಕೂ ಮೂವತ್ತೈದಕ್ಕೂ ನಡುವಣ ಆ ಕತ್ತಲ ಜಾಗ ಚೆನ್ನಾಗಿ ಗೊತ್ತು. ಕುರ್ಚಿಯಲ್ಲಿ ಕುಳಿತವನಿಗೆ ಮಾತ್ರ ಕತ್ತಲೆಂಬುದೇ ಇಲ್ಲ.

ನಮ್ಮ ಕಂಬಳದಲ್ಲಿಯೂ ಈಚೆಗೆ ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಬಂದಿದೆ. ಕೂದಲೆಳೆಯ ಅಂತರವನ್ನೂ ಅದು ಹೇಳಿಬಿಡುತ್ತದೆ. ವಾದ ನಿಂತಿದೆಯೆ? ಮಂಜೊಟ್ಟಿಯಲ್ಲಿ ನಿಂತರೆ ಗಂತಿಗೆ ಹೋಗಿದೆ. ಯಾರ ಕೋಣಗಳನ್ನು ಎಷ್ಟು ಹೊತ್ತು ಕಾಯಿಸಿದರು, ಯಾರು ಮೊದಲು ಬಿಟ್ಟರು ಎಂಬ ಕಡೆಗೆ. ಕಂಬಳದಲ್ಲಿ ನನಗೆ ಮೆಚ್ಚುಗೆ ಕನೆಹಲಗೆ. ಅಲ್ಲಿ ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲೋ ಏಳೂವರೆ ಕೋಲೋ, ನೀರು ಹಾಯಿಸಬೇಕು. ಬಟ್ಟೆ ಒದ್ದೆಯಾದರೆ ಆಯಿತು. ಎಲ್ಲ ಆಟಗಳಿಗೂ ಅಂಥ ಬಟ್ಟೆಯೊಂದು ಸಿಕ್ಕುವುದಿಲ್ಲವಲ್ಲ!

ರಗ್ಬಿ ಎಂಬ ಆಟ ನಮ್ಮೂರಿಗೆ ದೂರದ್ದು. ಆದರೆ ಅದರ ಒಂದು ಸಂಪ್ರದಾಯದ ಬಗ್ಗೆ ನನಗೆ ಗೌರವವಿತ್ತು: ಆನೆಯಂಥ ಆಳುಗಳು ರೆಫರಿಯನ್ನು 'ಸರ್' ಎನ್ನುತ್ತಾರೆ, ಎದುರಾಡುವುದಿಲ್ಲ. 2007ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ನ್ಯೂಜಿಲೆಂಡನ್ನು 20–18ರಿಂದ ಸೋಲಿಸಿತು. ಚೆಂಡನ್ನು ಮುಂದಕ್ಕೆ ಎಸೆಯಬಾರದೆಂಬುದು ಆ ಆಟದ ಮೂಲ ನಿಯಮ. ಅಂಥ ಒಂದು ಎಸೆತ ಇಂಗ್ಲೆಂಡಿನ ತರುಣ ರೆಫರಿ ವೇಯ್ನ್ ಬಾರ್ನ್ಸ್ ಅವರ ಕಣ್ಣು ತಪ್ಪಿತು. ವೃತ್ತಿಯಲ್ಲಿ ವಕೀಲರಾದ ಅವರಿಗೆ ಕೊಲೆಬೆದರಿಕೆಗಳು ಬಂದವು. 2023ರ ಅಂತಿಮ ಪಂದ್ಯವನ್ನು ನಡೆಸಿದವರೂ ಅವರೇ. ಆಗ ಚಿತ್ರ ನೋಡಿ ತೀರ್ಪಿಗೆ ನೆರವಾಗುವ ಅಧಿಕಾರಿ ಟಾಮ್ ಫೋಲಿ, ಬಂದ ಬೈಗುಳ ಬೆದರಿಕೆಗಳನ್ನು ತಾಳಲಾರದೆ ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು. ಮೈದಾನದ 'ಸರ್' ಬೇಲಿ ದಾಟಿ ಗ್ಯಾಲರಿಗೆ ಹೋಗಲಿಲ್ಲವೆಂದಾಯಿತು. ತಪ್ಪು ಕಾಣದ್ದು ಒಬ್ಬನ ದೋಷವಾದರೆ, ತಪ್ಪು ಹೊರತು ಬೇರೇನೂ ಕಾಣದ್ದು ಸಾವಿರಾರು ಜನರ ದೋಷ. ಎರಡನೆಯದನ್ನು ಮರುಪರಿಶೀಲಿಸುವ ಯಂತ್ರ ಬಂದಿಲ್ಲ.

ಇಷ್ಟು ಹೇಳಿದ ಮೇಲೆ ಎದುರುವಾದವನ್ನೂ ಕೇಳಬೇಕು. ಪಕ್ಷ ಹಿಡಿದವನ ಬಾಯಲ್ಲಿ ನ್ಯಾಯ ಬರಲಾರದೆ? ವ್ಯಾಸಭಾರತದ ಗದಾಯುದ್ಧವನ್ನು ನೆನೆಯಿರಿ. ಇಬ್ಬರಿಗೂ ಗದೆ ಕಲಿಸಿದ ಬಲರಾಮ ತೀರ್ಥಯಾತ್ರೆಯಿಂದ ಬಂದು ನೋಡುತ್ತಿದ್ದಾನೆ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ತೊಡೆಗೆ ಹೊಡೆದ. ಬಲರಾಮ ನೇಗಿಲೆತ್ತಿ ನುಗ್ಗಿದ. ಕೃಷ್ಣ ತಡೆದು ಪ್ರತಿಜ್ಞೆ, ಶಾಪ ಎಂದೆಲ್ಲ ಸಮಾಧಾನ ಹೇಳಿದ, ಬಲರಾಮ ಒಪ್ಪಲಿಲ್ಲ. ಭೀಮ ಲೋಕದಲ್ಲಿ ಕಪಟಯೋಧನೆನಿಸುವನೆಂದು ಹೇಳಿ ರಥವೇರಿ ದ್ವಾರಕೆಗೆ ಹೊರಟುಹೋದ. ಅವನ ಒಲವು ದುರ್ಯೋಧನನ ಕಡೆಗಿದ್ದುದು ಬಲ್ಲ ಸಂಗತಿ. ಆದರೂ ಮಾತು ಸುಳ್ಳಾಗಲಿಲ್ಲ. ರನ್ನನನ್ನು ಓದಿದ ನಾವೂ ಒಂದು ಸಾವಿರ ವರ್ಷದಿಂದ, ಭೀಮನೇ ನಾಯಕನಾದ ಕಾವ್ಯದಲ್ಲಿ ದುರ್ಯೋಧನನಿಗಾಗಿ ಮರುಗುತ್ತಿದ್ದೇವೆ. ಈ ಭಾಗದ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿನಿ, "ಸರ್, ಹೊಡೆದವನು ದುರ್ಯೋಧನ, ಮುರಿದ ತೊಡೆ ಭೀಮನದು ಅಂತಾಗಿದ್ದರೆ ಬಲರಾಮ ನೇಗಿಲೆತ್ತುತ್ತಿದ್ದನಾ?" ಎಂದಳು. ಪ್ರಶ್ನೆಯೆಂದರೆ ಇದು. ನಮ್ಮವನ ತಪ್ಪಿಗೂ ಎದ್ದು ನಿಲ್ಲುವವನಾದರೆ ಅವನು ಪಕ್ಷ ಹಿಡಿದಿದ್ದರೂ ಅವನ ಮಾತನ್ನು ಕೇಳಬಹುದು.

ಹಾಗೆ ಎದ್ದು ನಿಂತವರು ನಮ್ಮ ನಾಡಿನವರೇ ಒಬ್ಬರಿದ್ದಾರೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ಸುವರ್ಣ ಮಹೋತ್ಸವದ ಟೆಸ್ಟು. (ಸೂರ್ಯಗ್ರಹಣವಿದ್ದ 16ನೆಯ ತಾರೀಖನ್ನು ವಿರಾಮದ ದಿನವಾಗಿಸಿದ್ದರು.) ನಾಯಕರು ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡು 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬೋಥಮ್ ಮತ್ತು ಬಾಬ್ ಟೇಲರ್ ಆಡುತ್ತಿದ್ದರು. ಕಪಿಲ್ ದೇವರ ಚೆಂಡಿಗೆ ಟೇಲರ್ ವಿಕೆಟ್‌ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಿಶ್ಚಯವಾಗಿತ್ತು. ಟೇಲರರನ್ನು ಹಿಂದಕ್ಕೆ ಕರೆಸಿದರು. ಜೊತೆಯಾಟ 171 ರನ್ನಿಗೆ ಬೆಳೆಯಿತು. ಬೋಥಮ್ ಶತಕದ ಜೊತೆಗೆ 13 ವಿಕೆಟ್ಟನ್ನೂ ಕಿತ್ತರು. ಇಂಗ್ಲೆಂಡು 10 ವಿಕೆಟ್ಟುಗಳಿಂದ ಗೆದ್ದಿತು. ವಿಶ್ವನಾಥ್ ಮತ್ತೆ ಟೆಸ್ಟಿನಲ್ಲಿ ಭಾರತದ ನಾಯಕರಾಗಲಿಲ್ಲ.

ವಿಶ್ವನಾಥರನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ನನಗೆ ಮಾತ್ರ ನೆನಪಾಗುವವರು ಹನುಮಂತರಾಯರು. ಔಟಿಗಾಗಿ ಮಾಡಿದ ಮನವಿಯನ್ನು ನಾಯಕ ಹಿಂತೆಗೆಯಬಹುದು, ಆದರೆ ಅಂಪೈರ್ ಒಪ್ಪಿದರೆ ಮಾತ್ರ ಎಂಬುದು ಆಟದ ಕಟ್ಟಳೆ. ತುಂಬಿದ ಮೈದಾನದಲ್ಲಿ, ತಾನು ಆಗಲೇ ಎತ್ತಿದ ಬೆರಳು ತಪ್ಪೆಂದು ಆಟಗಾರನೊಬ್ಬ ಬಂದು ಹೇಳಿದಾಗ, ಅವರು ಬಿಗುಮಾನಕ್ಕೆ ಬೀಳದೆ ಹೂಂ ಎಂದರು. ಅವರೂ ಕರ್ನಾಟಕದವರೇ. ಹೋಟೆಲಿನಲ್ಲಿ ಕೇಳಿ ನೋಡಿದೆ. ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ.