ವೈದ್ಯಕಾಯಕ ಮತ್ತು ದಾಸೋಹ

ರೋಗಿಗೆ ನೀಡುವ ಉಚಿತ ಚಿಕಿತ್ಸೆಯು ದಾನವೋ, ದಾಸೋಹವೋ? ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 60 ವರ್ಷ ತುಂಬಿದ ಸ್ಮರಣೆಗಾಗಿ 1897ರಲ್ಲಿ ಬೆಂಗಳೂರಿನಲ್ಲಿ ಆಸ್ಪತ್ರೆಯೊಂದಕ್ಕೆ ಅಸ್ತಿಭಾರವಾಯಿತು. 1898ರಲ್ಲಿ ಪ್ಲೇಗು ನಗರವನ್ನು ಹೊಕ್ಕಿತು. 1900ರಲ್ಲಿ ಆಸ್ಪತ್ರೆಯ ಬಾಗಿಲು ತೆರೆಯಿತು. ಕಟ್ಟಡಕ್ಕೆ ರಾಣಿಯ ಹೆಸರು ದೊರೆಯಿತು; ರೋಗಿಗೆ ಬೇಕಾದುದು ಹೆಸರಲ್ಲ, ರಾತ್ರಿಯ ಆರೈಕೆ.

ಹನ್ನೆರಡನೆಯ ಶತಮಾನದ ಶರಣನಾದ ವೈದ್ಯ ಸಂಗಣ್ಣನಿಗೆ ಚಿಕಿತ್ಸೆಯೇ ಕಾಯಕವಾಗಿದ್ದಿತು. ಕಾಯಕವೆಂದು ಮಾಡುವ ಸೇವೆಯಲ್ಲಿ ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯಿಲ್ಲ. ಹಿರೇಹಳ್ಳಿಯಿಂದ ತುಮಕೂರಿಗೋ ಬೆಂಗಳೂರಿಗೋ ರೋಗಿಯನ್ನು ಕರೆದೊಯ್ಯುವ ಬಡವನು ಔಷಧದೊಡನೆ ತಿರಸ್ಕಾರವನ್ನೂ ನುಂಗಬೇಕಾದರೆ, ಹಣ ತೆರದಿದ್ದರೂ ಅವನು ಬೆಲೆ ತೆತ್ತಂತೆಯೇ ಸರಿ. ಆಸ್ಪತ್ರೆಯ ಮಂಚಕ್ಕೆ ಹಣವಿತ್ತ ಗೃಹಸ್ಥನು ಅದರ ಮೇಲೆ ತನ್ನ ಹೆಸರನ್ನು ಬರೆಯಿಸುವ ಮುನ್ನ, ಒಂದು ರಾತ್ರಿ ಆ ಮಂಚದ ಬಳಿ ಕುಳಿತಿರಲಿ. ದಾನವು ದಾಸೋಹವಾಗುವುದು ಅಲ್ಲಿಯೇ.