ಒಬ್ಬರನ್ನೊಬ್ಬರು ಅರಿಯುವುದೆಂದರೇನು?

ದಂಪತಿಗಳು ಒಬ್ಬರನ್ನೊಬ್ಬರು ಅರಿತಿರುವರೆಂದು ನಾವು ಸುಲಭವಾಗಿ ಹೇಳಿಬಿಡುವೆವು. ಆ ಅರಿವು ಪ್ರೀತಿಯ ಫಲವೋ, ಬರಿಯ ಅಭ್ಯಾಸದ ಫಲವೋ ಎಂಬುದು ಹಳೆಯ ಪ್ರಶ್ನೆ. ಅದನ್ನು ಹಣದ ಪಂದ್ಯವನ್ನಾಗಿ ಮಾಡಿ ಜನರ ಮುಂದಿರಿಸಿದ ಕೀರ್ತಿ, ಕೀರ್ತಿಯೆನ್ನಬಹುದಾದರೆ, ಅಮೆರಿಕದ ಟೆಲಿವಿಷನ್ನಿಗೆ ಸಲ್ಲಬೇಕು.

1974ರಿಂದ 1978ರವರೆಗೂ, ಪುನಃ 1982ರಿಂದ 1984ರವರೆಗೂ ಅಲ್ಲಿಯ ಸಿ.ಬಿ.ಎಸ್. ಸಂಸ್ಥೆಯು 'ಟ್ಯಾಟಲ್‌ಟೇಲ್ಸ್' ಎಂಬ ಆಟವೊಂದನ್ನು ಹಗಲು ಹೊತ್ತಿನಲ್ಲಿ ಪ್ರಸಾರಮಾಡುತ್ತಿದ್ದಿತು. ಚಾಡಿಕೋರರೆಂದು ಆ ಹೆಸರಿನ ಅರ್ಥ. ಮೂರು ಮಂದಿ ಪ್ರಸಿದ್ಧರು ತಮ್ಮ ತಮ್ಮ ಪತಿ ಅಥವಾ ಪತ್ನಿಯೊಡನೆ ಬರುವರು. ಜೋಡಿಯಲ್ಲಿ ಒಬ್ಬರು ವೇದಿಕೆಯ ಮೇಲೆ. ಇನ್ನೊಬ್ಬರು ಮರೆಯಲ್ಲಿ, ಇಲ್ಲಿಯ ಮಾತು ಕಿವಿಗೆ ಬೀಳದಂತೆ. ಇಬ್ಬರ ಉತ್ತರವೂ ಒಂದಾದರೆ ಗೆಲವು. ಆದರೆ ಗೆದ್ದ ಹಣ ಅವರಿಗಲ್ಲ. ಪ್ರೇಕ್ಷಕರನ್ನು ಕೆಂಪು, ಹಳದಿ, ನೀಲಿ ಎಂದು ಮೂರು ಪಾಲುಮಾಡಿ, ಒಂದೊಂದು ಪಾಲಿಗೆ ಒಂದೊಂದು ಜೋಡಿಯನ್ನು ಗೊತ್ತುಪಡಿಸಿದ್ದರು. ಗಳಿಸಿದುದೆಲ್ಲ ಆ ಪಾಲಿನವರಿಗೆ. ನೆರೆಹೊರೆಯ ಕುತೂಹಲಕ್ಕೆ ಕೂಲಿ ಕೊಟ್ಟ ಹಾಗೆ!

ಆಟವನ್ನು ನಡೆಯಿಸುತ್ತಿದ್ದವರು ಬರ್ಟ್ ಕಾನ್ವಿ. ತಾವೂ ನಟರು, ಗಾಯಕರು. ಕೆಲವೊಮ್ಮೆ ಪ್ರಶ್ನಿಸುವ ಪೀಠವನ್ನು ಜೀನ್ ರೇಬರ್ನ್‌ರಂಥವರಿಗೆ ಬಿಟ್ಟುಕೊಟ್ಟು, ಪತ್ನಿ ಆ್ಯನ್ ಅವರೊಡನೆ ತಾವೇ ಆಡಲು ಕುಳಿತುಕೊಳ್ಳುತ್ತಿದ್ದರು. ಪರರನ್ನು ಕೇಳಿದುದಕ್ಕೆ ತಾನೂ ಉತ್ತರಿಸಲು ಸಿದ್ಧನಾಗಿರುವುದು ನ್ಯಾಯವೇ ಸರಿ. ಮನೆಯ ಗುಟ್ಟನ್ನು ಬೀದಿಗೆ ತರಬಹುದೆ ಎಂಬ ಆಕ್ಷೇಪವನ್ನು ನಾನು ದೊಡ್ಡದುಮಾಡುವುದಿಲ್ಲ. ಬಂದವರು ಒಪ್ಪಿಯೇ ಬಂದವರು. ಏನನ್ನು ಮರೆಸಬೇಕೆಂಬುದನ್ನೂ ಬಲ್ಲವರು.

ನನ್ನ ಸಂದೇಹ ಬೇರೊಂದೆಡೆ ಇರುವುದು. ಇಂಥ ಆಟವನ್ನು ಗೆಲ್ಲಲು ನಿಜವನ್ನು ಹೇಳಬೇಕಾಗಿಲ್ಲ. ನನ್ನ ವಿಷಯದಲ್ಲಿ ನನ್ನ ಹೆಂಡತಿ ಏನನ್ನು ನಂಬಿರುವಳೋ ಅದನ್ನು ಹೇಳಿದರೆ ಸಾಕು. ಎರಡು ಉತ್ತರಗಳು ಕೂಡಿದುವೆಂಬುದರಿಂದ ಸಿದ್ಧವಾಗುವುದು ಹೊಂದಿಕೆಯೇ ಹೊರತು ಅರಿವಲ್ಲ. ಉತ್ತರ ಕೂಡದಿದ್ದಾಗ ನೆರೆದವರು ನಗುವರು, ಪ್ರೀತಿಯಲ್ಲೇ ಏನೋ ಕೊರತೆ ಕಂಡಂತೆ. ಮನುಷ್ಯನ ಮನಸ್ಸೇನು ನಿಂತ ನೀರೆ? ಹತ್ತು ವರ್ಷಗಳ ಹಿಂದೆ ಕಂಡುದನ್ನೇ ಇಂದಿಗೂ ನಂಬಿ ತಪ್ಪದೆ ಉತ್ತರ ಕೊಡುವವನಿಗಿಂತ, 'ಹೀಗೂ ಉಂಟೆ?' ಎಂದು ಬೆರಗಾಗಬಲ್ಲವನು ಹೆಚ್ಚು ಹತ್ತಿರದವನೆಂದು ನನಗೆ ತೋರುವುದು.

ಇದನ್ನು ಬರೆಯಲು ಒಂದು ಕಾರಣವುಂಟು. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹಾಗಲಕಾಯಿಯ ಗೊಜ್ಜು ಆಗುತ್ತಿದ್ದಿತು. ನನಗೆ ಅದರಲ್ಲಿ ರುಚಿಯಿಲ್ಲ. ಆಕೆಗೆ ಇಷ್ಟವೆಂದು ಮೂವತ್ತು ವರ್ಷ ಎರಡೆರಡು ಸಲ ಬಡಿಸಿಕೊಂಡೆನು. ಆಕೆಯೋ, ನನಗೆ ಇಷ್ಟವೆಂದು ಮಾಡುತ್ತಿದ್ದಳು! ನಿಮ್ಮ ಮನೆಯಲ್ಲಿ ಮೆಚ್ಚಿನ ಅಡಿಗೆ ಯಾವುದೆಂದು ಆ ವೇದಿಕೆಯ ಮೇಲೆ ಕೇಳಿದ್ದರೆ, ನಾವಿಬ್ಬರೂ ಒಂದೇ ಉತ್ತರ ಕೊಟ್ಟು ಯಾರಿಗೋ ಹಣ ಗಳಿಸಿಕೊಡುತ್ತಿದ್ದೆವು. ಅಕ್ಕರೆ ನಿಜ, ಹೊಂದಿಕೆ ನಿಜ. ಉತ್ತರ ಮಾತ್ರ ಸುಳ್ಳು.

ಸಂಗತಿ ಹೊರಬಿದ್ದುದು ಕಳೆದ ಆಷಾಢದಲ್ಲಿ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅನಂತರ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಎಲೆ ತೆಗೆಯುವಾಗ, "ಇನ್ನೂ ಏನೇನನ್ನು ಹೀಗೆಯೇ ಬಡಿಸಿಕೊಂಡಿದ್ದೀರಿ?" ಎಂದು ಕೇಳಿದಳು. ನನಗೆ ಕೂಡಲೆ ಉತ್ತರ ತೋಚಲಿಲ್ಲ.